ಒಳ್ಳೆಯವನಾದರೆ ಎಷ್ಟು ದಿನ ಕಡಿಮೆ?

ಜೈಲಿನಲ್ಲಿ ಹಗಲಿಗೆ ಒಂದು ದಿನ, ರಾತ್ರಿಗೆ ಒಂದು ದಿನ ಅಂತ ಲೆಕ್ಕ ಹಿಡೀತಾರಂತೆ, ಹಾಗಾಗಿ 14 ವರ್ಷ ಅಂದರೆ 7 ವರ್ಷವೇ ಅಂತೆ. ಈ ಮಾತನ್ನು ಆಟೊದಲ್ಲಿ ಕೇಳಿದ್ದೇನೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದೇನೆ. ಸಿಟಿ ಸಿವಿಲ್ ಕೋರ್ಟಿನ ಕಾರಿಡಾರಿನಲ್ಲಿ, ಕರೀ ಕೋಟು ಹಾಕಿಕೊಂಡವರ ಬಾಯಲ್ಲೇ ಕೇಳಿದ್ದೂ ಉಂಟು. ಶುದ್ಧ ಸುಳ್ಳು. ಪರಪ್ಪನ ಅಗ್ರಹಾರದಲ್ಲೂ ದಿನಕ್ಕೆ 24 ಗಂಟೆಯೇ. ಯಾವ ಕಾಯ್ದೆಯಲ್ಲೂ ಯಾವ ನಿಯಮದಲ್ಲೂ ಇಲ್ಲದ ಈ ಲೆಕ್ಕ ಎಲ್ಲಿ ಹುಟ್ಟಿತೋ, ಆದರೆ ಬೆಂಗಳೂರಿನ ಅರ್ಧ ಜನ ಅದನ್ನು ನಂಬಿಕೊಂಡೇ ಬದುಕುತ್ತಿದ್ದಾರೆ.

ಇನ್ನರ್ಧ ಜನ ನಂಬುವುದು ಪತ್ರಿಕೆಯ ಫೋಟೊವನ್ನು. ಸ್ವಾತಂತ್ರ್ಯ ದಿನ, ಗಣರಾಜ್ಯೋತ್ಸವದ ಆಸುಪಾಸಿನಲ್ಲಿ ಬರುತ್ತದಲ್ಲ: ಸಾಲಾಗಿ ನಿಂತ ಗಂಡಸರು, ಕೈಯಲ್ಲೊಂದು ಬ್ಯಾಗು, ಪಕ್ಕದಲ್ಲಿ ಅಧಿಕಾರಿಗಳು, ಮೇಲೆ ‘ಸನ್ನಡತೆ ಆಧಾರದ ಮೇಲೆ ಬಿಡುಗಡೆ’ ಎಂಬ ತಲೆಬರಹ. ಕೊಲೆ ಮಾಡಿದವನು ಹತ್ತು ಹದಿನೈದು ವರ್ಷ ಮುದ್ದೆ ಮುರಿದು, ತಲೆ ಬಗ್ಗಿಸಿಕೊಂಡಿದ್ದರೆ ಬಿಟ್ಟುಬಿಡುತ್ತಾರೆ ಎಂದು ಓದುಗರು ತೀರ್ಮಾನಿಸುತ್ತಾರೆ. ಕೆಲವರಿಗೆ ಅಯ್ಯೋ ಪಾಪ ಅನಿಸುತ್ತದೆ, ಕೆಲವರಿಗೆ ಮೈ ಉರಿಯುತ್ತದೆ. ಈ ಊರಿನಲ್ಲಿ ಕ್ರಿಮಿನಲ್ ಕೇಸು ನಡೆಸಿಕೊಂಡು ಬಂದಿರುವ ನನಗೆ, ಶಿಕ್ಷೆಯಾದವರ ಕಡತಗಳ ಬೆನ್ನು ಹತ್ತಿ ಓಡಾಡಿರುವ ನನಗೆ, ಈ ಎರಡೂ ಬಗೆಯವರಿಗೆ ಹೇಳಬೇಕಾದದ್ದು ಒಂದಿಷ್ಟಿದೆ.

ಸನ್ನಡತೆ ಶಿಕ್ಷೆಯನ್ನು ಕಡಿಮೆ ಮಾಡುವುದು ಎರಡು ದಾರಿಯಲ್ಲಿ. ಅವೆರಡಕ್ಕೂ ಒಂದೇ ಹೆಸರು ಇರುವುದರಿಂದ ಗೊಂದಲ.

ಮೊದಲನೆಯದು ಚಿಲ್ಲರೆ ಲೆಕ್ಕ. ಅವಧಿ ಗೊತ್ತುಮಾಡಿದ ಶಿಕ್ಷೆ, ಅಂದರೆ 5 ವರ್ಷವೋ 7 ವರ್ಷವೋ 10 ವರ್ಷವೋ ಆದವನು ಒಳಗೆ ಜಗಳ ತಕರಾರಿಲ್ಲದೆ ಇದ್ದು, ಕೊಟ್ಟ ಕೆಲಸ ಮಾಡಿದರೆ ತಿಂಗಳಿಗೆ ಇಷ್ಟು ದಿನ ಅಂತ ಮಾಫಿ ಅವನ ಖಾತೆಗೆ ಬೀಳುತ್ತದೆ. ಒಳಗೆ ಎಲ್ಲರೂ ‘ರೆಮಿಷನ್’ ಅಂತಲೇ ಕರೆಯುವುದು. ಅಡುಗೆಮನೆ, ಬೇಕರಿ, ಮರಗೆಲಸ, ಮಗ್ಗ, ತೋಟ, ಹೀಗೆ ಕೆಲಸ ಯಾವುದಾದರೂ ಇರಬಹುದು. ಕೂಲಿ ಬೇರೆ, ಅದು ನಮ್ಮ ರಾಜ್ಯದಲ್ಲಿ ಈಗ ದಿನಕ್ಕೆ 500 ರೂಪಾಯಿ ದಾಟಿದೆ. ಕೂಲಿಯ ಜೊತೆಗೆ ದಿನಗಳೂ ಸಿಗುತ್ತವೆ. ವರ್ಷವಿಡೀ ಒಂದು ಕಪ್ಪುಚುಕ್ಕೆಯೂ ಇಲ್ಲದಿದ್ದರೆ ಸ್ವಲ್ಪ ಹೆಚ್ಚು, ಏನಾದರೂ ವಿಶೇಷ ಮಾಡಿದರೆ ಇನ್ನಷ್ಟು. ಇದಕ್ಕೆ ಮೇಲ್ಮಿತಿ ಉಂಟು. ಕಳೆದುಕೊಳ್ಳುವುದೂ ಸುಲಭ. ಹಾಸಿಗೆಯಡಿ ಮೊಬೈಲ್ ಸಿಕ್ಕಿತು, ಬ್ಯಾರಕ್ಕಿನಲ್ಲಿ ಹೊಡೆದಾಟವಾಯಿತು, ಪೆರೋಲ್ ಮುಗಿಸಿ ಹೇಳಿದ ದಿನಕ್ಕೆ ವಾಪಸ್ ಬರಲಿಲ್ಲ ಅಂದರೆ ವರ್ಷಗಟ್ಟಲೆ ಕೂಡಿಟ್ಟದ್ದು ಒಂದು ಆದೇಶದಲ್ಲಿ ಹೋಗಬಹುದು. ಮಾದಕವಸ್ತು ಕಾಯ್ದೆಯಡಿ ಶಿಕ್ಷೆಯಾದವರಿಗೆ ಈ ಬಾಗಿಲು ಹೆಚ್ಚುಕಡಿಮೆ ಮುಚ್ಚಿಯೇ ಇದೆ, ಆ ಕಾಯ್ದೆಯ 32ಎ ಕಲಮು ಮಾಫಿಗೆ ಅಡ್ಡ ನಿಲ್ಲುತ್ತದೆ.

ಈ ಪದ್ಧತಿಯ ಬೇರು ಹುಡುಕಿಕೊಂಡು ಹೋದರೆ ಪೆಸಿಫಿಕ್ ಸಾಗರದ ನಾರ್ಫೋಕ್ ದ್ವೀಪಕ್ಕೆ ಹೋಗಿ ನಿಲ್ಲುತ್ತೇವೆ. ಬ್ರಿಟಿಷರು ತಮ್ಮ ಕೈದಿಗಳಲ್ಲೂ ಹಿಡಿತಕ್ಕೆ ಸಿಗದವರನ್ನು ಸಾಗಿಸುತ್ತಿದ್ದ ಜಾಗ ಅದು. ಅಲೆಕ್ಸಾಂಡರ್ ಮೆಕಾನಕಿ ಎಂಬ ನೌಕಾಪಡೆಯ ಅಧಿಕಾರಿ 1840ರಿಂದ 1844ರವರೆಗೆ ಅಲ್ಲಿಯ ಉಸ್ತುವಾರಿ ನೋಡಿಕೊಂಡ. ಶಿಕ್ಷೆಯನ್ನು ವರ್ಷಗಳಲ್ಲಿ ಅಳೆಯುವ ಬದಲು ಅಂಕಗಳಲ್ಲಿ ಅಳೆಯೋಣ ಎಂಬುದು ಅವನ ಹಟ. ದುಡಿ, ಸರಿಯಾಗಿ ನಡೆದುಕೋ, ಅಂಕ ಕೂಡಿಹಾಕು, ಸಾಕಷ್ಟಾದ ದಿನ ನೀನು ಹೊರಗೆ. ಮೇಲಿನವರಿಗೆ ಅವನು ಕೈದಿಗಳನ್ನು ಮುದ್ದು ಮಾಡುವವನಾಗಿ ಕಂಡ, ವಾಪಸ್ ಕರೆಸಿಕೊಂಡರು. ಅಂಕದ ಕಲ್ಪನೆ ಮಾತ್ರ ಸಾಯಲಿಲ್ಲ. ನಮ್ಮ 1894ರ ಪ್ರಿಸನ್ಸ್ ಆಕ್ಟ್ ತೆಗೆದು ನೋಡಿ, ಮಾಫಿ ಪದ್ಧತಿಯ ವ್ಯಾಖ್ಯಾನದಲ್ಲೇ ‘ಮಾರ್ಕ್ಸ್’ ಕುಳಿತಿದೆ. ಒಂದು ವ್ಯತ್ಯಾಸ: ಕೈದಿ ಬದಲಾಗಲಿ ಎಂದು ಮೆಕಾನಕಿ ಅಂಕ ಕೊಟ್ಟ, ಆಡಳಿತ ಸಲೀಸಾಗಿ ನಡೆಯಲಿ ಎಂದು ಅದೇ ಅಂಕವನ್ನು ಜೈಲುಗಳು ಇಟ್ಟುಕೊಂಡವು. ಸಾವಿರಾರು ಗಂಡಸರನ್ನು ಕೈಬೆರಳೆಣಿಕೆಯ ಸಿಬ್ಬಂದಿ ಹಿಡಿದಿಟ್ಟುಕೊಳ್ಳಬೇಕಾದರೆ ಲಾಠಿಗಿಂತ ಕ್ಯಾಲೆಂಡರು ಹೆಚ್ಚು ಕೆಲಸಕ್ಕೆ ಬರುತ್ತದೆ.

ಈ ಚಿಲ್ಲರೆ ಲೆಕ್ಕದಲ್ಲಿ ಒಂದು ಅನ್ಯಾಯವಿದೆ, ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ. ಮಾಫಿ ಶುರುವಾಗುವುದು ಶಿಕ್ಷೆಯಾದ ಮೇಲೆ. ವಿಚಾರಣಾಧೀನನಾಗಿ ಒಳಗಿದ್ದ ಕಾಲವನ್ನು ಶಿಕ್ಷೆಯಲ್ಲಿ ವಜಾ ಮಾಡಿಕೊಡುತ್ತಾರೆ ನಿಜ, ಆದರೆ ಆ ಕಾಲದಲ್ಲಿ ನೀವು ಎಷ್ಟೇ ಸಾಧುವಾಗಿದ್ದರೂ ಒಂದು ದಿನದ ಮಾಫಿಯೂ ಇಲ್ಲ. ಮಾತಿಗೆ ತಿಂಗಳಿಗೆ 5 ದಿನ ಸಿಗುತ್ತದೆ ಅಂತ ಇಟ್ಟುಕೊಳ್ಳಿ. ಒಂದೇ ತಪ್ಪಿಗೆ ಇಬ್ಬರಿಗೆ 7 ವರ್ಷ ಶಿಕ್ಷೆಯಾಯಿತು. ಒಬ್ಬನಿಗೆ ಜಾಮೀನು ಸಿಕ್ಕಿತ್ತು, ಅವನು ಒಳಗೆ ಹೋದದ್ದೇ ತೀರ್ಪಿನ ದಿನ. ವರ್ಷಕ್ಕೆ 60 ದಿನದಂತೆ ಗಳಿಸುತ್ತಾ ಅವನು ಸುಮಾರು 6 ವರ್ಷಕ್ಕೆ ಹೊರಬರುತ್ತಾನೆ. ಇನ್ನೊಬ್ಬನಿಗೆ ಜಾಮೀನಿಗೆ ನಿಲ್ಲುವವರು ಯಾರೂ ಇರಲಿಲ್ಲ, 3 ವರ್ಷ ವಿಚಾರಣಾಧೀನನಾಗಿ ಕಳೆದ. ಉಳಿದ 4 ವರ್ಷದ ಮೇಲಷ್ಟೇ ಅವನಿಗೆ ಮಾಫಿ. ಅವನು ಉಳಿಸುವುದು 7 ತಿಂಗಳಿಗೂ ಕಡಿಮೆ. ತಪ್ಪು ಒಂದೇ, ನಡತೆಯೂ ಒಂದೇ, ಆದರೂ ಬಡವ ಸುಮಾರು 5 ತಿಂಗಳು ಹೆಚ್ಚು ಕಂಬಿ ಎಣಿಸಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 2022ರ ಅಂಕಿಗಳಲ್ಲಿ ದೇಶದ 5,73,220 ಬಂಧಿಗಳ ಪೈಕಿ 4,34,302 ಮಂದಿ ವಿಚಾರಣಾಧೀನರು. ನಾಲ್ವರಲ್ಲಿ ಮೂವರ ನಡತೆಯನ್ನು ಯಾರೂ ಎಣಿಸುತ್ತಿಲ್ಲ ಎಂದಾಯಿತು. ಮೊದಲ ಸಲ ತಪ್ಪು ಮಾಡಿದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಕಳೆದರೆ ಬಿಡಬೇಕೆಂದು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು ಹೇಳುತ್ತದಾದರೂ ಅದು ಜಾಮೀನಿನ ಮಾತು, ಮಾಫಿಯದ್ದಲ್ಲ. ಜೀವಾವಧಿ ಅಥವಾ ಮರಣದಂಡನೆ ವಿಧಿಸಬಹುದಾದ ಪ್ರಕರಣಗಳಿಗೆ ಅದೂ ಇಲ್ಲ.

ಈಗ ಎರಡನೆಯ ದಾರಿ, ಫೋಟೊದಲ್ಲಿ ಬರುವವರ ದಾರಿ.

ಜೀವಾವಧಿ ಎಂದರೆ 14 ವರ್ಷವೂ ಅಲ್ಲ, 20 ವರ್ಷವೂ ಅಲ್ಲ, ಜೀವ ಇರುವ ತನಕ. ಗಾಂಧೀಜಿ ಹತ್ಯೆ ಪ್ರಕರಣದಲ್ಲಿ ಶಿಕ್ಷೆ ಅನುಭವಿಸುತ್ತಿದ್ದ ಗೋಪಾಲ ಗೋಡ್ಸೆ, ಗಳಿಸಿದ ಮಾಫಿಯನ್ನೆಲ್ಲ ಕೂಡಿಸಿದರೆ ನನ್ನ 20 ವರ್ಷ ಮುಗಿಯಿತು, ಬಿಡಿ ಎಂದು ಸುಪ್ರೀಂ ಕೋರ್ಟಿಗೆ ಹೋಗಿದ್ದ. 1961ರಲ್ಲಿ ನ್ಯಾಯಾಲಯ ಒಪ್ಪಲಿಲ್ಲ. ಸರ್ಕಾರ ಆದೇಶ ಮಾಡಿ ಉಳಿದ ಶಿಕ್ಷೆ ಮನ್ನಾ ಮಾಡದ ಹೊರತು ಕೂಡಿಟ್ಟ ಮಾಫಿಯಿಂದ ಜೀವಾವಧಿ ಮುಗಿಯುವುದಿಲ್ಲ ಅಂದಿತು. ಮುಗಿಯದ ಸಂಖ್ಯೆಯಿಂದ ಎಷ್ಟು ಕಳೆದರೆ ತಾನೇ ಏನು ಉಳಿಯುತ್ತದೆ? ಮುಂದೆ 1978ರಲ್ಲಿ ಸಂಸತ್ತು ದಂಡ ಪ್ರಕ್ರಿಯಾ ಸಂಹಿತೆಗೆ 433ಎ ಸೇರಿಸಿತು: ಮರಣದಂಡನೆಯೂ ವಿಧಿಸಬಹುದಾಗಿದ್ದ ಅಪರಾಧಕ್ಕೆ ಜೀವಾವಧಿಯಾದವನು ಮಾಫಿ ಬಿಟ್ಟು ಕನಿಷ್ಠ 14 ವರ್ಷ ಒಳಗಿರಲೇಬೇಕು. 1980ರಲ್ಲಿ ಮಾರುರಾಮ್ ಪ್ರಕರಣದಲ್ಲಿ, ಕೈದಿಗಳ ಪರ ಎಂದೇ ಹೆಸರಾಗಿದ್ದ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರೇ ಆ ಕಲಮನ್ನು ಎತ್ತಿಹಿಡಿದರು. 14 ಎಂಬ ಅಂಕಿ ಜನರ ಬಾಯಿಗೆ ಬಂದದ್ದರಲ್ಲಿ ಇದರ ಪಾಲು ದೊಡ್ಡದು. ಅದು ಬಿಡುಗಡೆಯ ದಿನ ಎಂದುಕೊಂಡರೆ ಕೆಟ್ಟೆವು, ಅರ್ಜಿ ಹಿಡಿದು ಸಾಲಿನಲ್ಲಿ ನಿಲ್ಲಬಹುದಾದ ಮೊದಲ ದಿನ ಅದು. 2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಕಲಮಿನ ಸಂಖ್ಯೆ 475 ಆಯಿತು, ನಿಯಮ ಹಾಗೇ ಉಳಿಯಿತು.

ಮಾಗಡಿ ಕಡೆಯ ಹೆಂಗಸೊಬ್ಬರು ಮಗನ ವಿಷಯಕ್ಕೆ ನನ್ನ ಆಫೀಸಿಗೆ ಬರುತ್ತಿದ್ದರು. ಜಮೀನಿನ ಬದುವಿನ ಜಗಳ, ಮಚ್ಚು, ಒಂದು ಹೆಣ, ಜೀವಾವಧಿ. ಅವರಿಗೆ ಓದು ಬಾರದು, ಲೆಕ್ಕ ಮಾತ್ರ ನನಗಿಂತ ಚೊಕ್ಕ.

“ಒಳ್ಳೇವ್ನಾಗವ್ನೆ ಅಂತ ಜೈಲ್ನೋರೇ ಹೇಳ್ತಾರೆ ಸ್ವಾಮಿ, ಇನ್ನೂ ಯಾಕೆ ಬಿಡಾಕಿಲ್ಲ?”

“ಒಳ್ಳೆಯವನಾಗಿದ್ದಾನೆ, ಸರಿ ಅಮ್ಮ. 14 ತುಂಬಬೇಕಲ್ಲ.”

“ತುಂಬ್ತು. ಅವ್ನ ತಂಗಿ ಮದ್ವೇಗೆ ಬಂದಿದ್ನಲ್ಲ, ಅವರಪ್ಪ ಸತ್ತಾಗ ಬಂದಿದ್ನಲ್ಲ, ಅವೂ ಸೇರ್ಸಿ ನೋಡಿ.”

“ಅವು ಸೇರಲ್ಲ ಅಮ್ಮ. ಪೆರೋಲ್ ಮೇಲೆ ಮನೆಯಲ್ಲಿದ್ದ ದಿನ ಜೈಲಲ್ಲಿದ್ದ ಹಾಗೆ ಲೆಕ್ಕಕ್ಕೆ ಬರಲ್ಲ.”

“ಹೇಳಿದ ದಿನಕ್ಕೆ ನಾನೇ ಬಸ್ ಹತ್ಸಿ ಕಳ್ಸಿದ್ದೆ. ಅಪ್ಪನ್ ಮಣ್ಣಿಗೆ ಬಂದಿದ್ದೂ ತೆಪ್ಪಾ?”

ತಪ್ಪಲ್ಲ. ಆದರೆ ಗೋವಾದ ಪ್ರಕರಣವೊಂದರಲ್ಲಿ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ, 14 ವರ್ಷದ ಲೆಕ್ಕದಲ್ಲಿ ಪೆರೋಲ್ ದಿನಗಳನ್ನು ಬಿಟ್ಟು ಎಣಿಸಬೇಕು ಅಂತ. ಕಾನೂನಿನ ತರ್ಕ ನನಗೆ ಅರ್ಥವಾಗುತ್ತದೆ. ವಾಪಸ್ ಬರುವ ದಿನಕ್ಕೆ ಸರಿಯಾಗಿ ಗೇಟಿನ ಮುಂದೆ ನಿಂತದ್ದು ಆ ಹುಡುಗನ ಸನ್ನಡತೆಗೆ ಸಿಗಬಹುದಾದ ಅತಿ ದೊಡ್ಡ ಸಾಕ್ಷಿ ಎಂಬುದೂ ಅರ್ಥವಾಗುತ್ತದೆ. ಕಾವಲು ಇಲ್ಲದಾಗ ಮನುಷ್ಯ ಏನು ಮಾಡಿದ ಎಂದು ಬೇರೆಲ್ಲಿ ನೋಡಲು ಸಾಧ್ಯ? ನಮ್ಮ ಹೈಕೋರ್ಟು ಇಂಥದ್ದಕ್ಕೆಲ್ಲ ಅಷ್ಟೊಂದು ಕಟುವಾಗಿಲ್ಲ. 2023ರಲ್ಲಿ ಕೊಲೆ ಪ್ರಕರಣದ ಸಜಾ ಬಂಧಿಯೊಬ್ಬನಿಗೆ ಪ್ರೀತಿಸಿದ ಹುಡುಗಿಯನ್ನು ಮದುವೆಯಾಗಲು 15 ದಿನ ಪೆರೋಲ್ ಕೊಟ್ಟದ್ದು ಸುದ್ದಿಯಾಗಿತ್ತು.

14 ತುಂಬಿದ ಮೇಲೆ ಕಡತ ಹೊರಡುತ್ತದೆ. ಜೈಲಿನಿಂದ ನಡತೆ ವರದಿ, ಊರಿನ ಪೊಲೀಸರ ಅಭಿಪ್ರಾಯ, ಶಿಕ್ಷೆ ಕೊಟ್ಟ ನ್ಯಾಯಾಲಯದ ಅಭಿಪ್ರಾಯ, ಸಲಹಾ ಸಮಿತಿ, ವಿಧಾನಸೌಧ. ಸಂವಿಧಾನದ 161ನೇ ವಿಧಿಯಡಿ ಹೋದರೆ ರಾಜ್ಯಪಾಲರ ಅಂಕಿತ. ಏನೇನು ನೋಡಬೇಕು ಎಂದು 2000ದಲ್ಲಿ ಲಕ್ಷ್ಮಣ್ ನಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಪರಾಧ ಒಬ್ಬನಿಗಷ್ಟೇ ತಾಗಿದ್ದೋ ಸಮಾಜಕ್ಕೇ ಪೆಟ್ಟು ಕೊಟ್ಟದ್ದೋ, ಮತ್ತೆ ಮಾಡಬಹುದೇ, ಮಾಡುವ ಶಕ್ತಿ ಉಳಿದಿದೆಯೇ, ಇನ್ನೂ ಇಟ್ಟುಕೊಂಡು ಏನು ಪ್ರಯೋಜನ, ಮನೆಯ ಸ್ಥಿತಿ ಏನು. ಪ್ರಶ್ನೆಗಳು ಒಳ್ಳೆಯವೇ. ಉತ್ತರ ಬರೆಯುವವರು ಯಾರು ಎಂಬಲ್ಲಿ ಎಡವಟ್ಟು. ಸನ್ನಡತೆ ಇಲ್ಲದೆ ಈ ಕಡತ ಮೇಲೇಳುವುದೇ ಇಲ್ಲ, ಆದರೆ ಬರೀ ಸನ್ನಡತೆಯಿಂದ ಅದು ದಡ ಸೇರುವುದೂ ಇಲ್ಲ. ‘ಬಿಟ್ಟರೆ ಊರಿನಲ್ಲಿ ಶಾಂತಿಭಂಗವಾಗುವ ಸಾಧ್ಯತೆ ಇದೆ’ ಎಂದು ಠಾಣೆಯಿಂದ ಒಂದು ಸಾಲು ಬಂದರೆ 14 ವರ್ಷದ ನಡತೆ ಪಕ್ಕಕ್ಕೆ ಸರಿಯುತ್ತದೆ. ಆ ಸಾಲು ಬರೆದವರು ಅವನನ್ನು ನೋಡಿಯೂ ಇರುವುದಿಲ್ಲ, ಅವನು ಒಳಹೋದಾಗ ಅವರಿನ್ನೂ ಶಾಲೆಯಲ್ಲಿದ್ದಿರಬಹುದು.

ನಡತೆ ವರದಿಯದ್ದೂ ಅದೇ ಕಥೆ. ನಾನು ನೋಡಿದವುಗಳಲ್ಲಿ ಬಹುಪಾಲಿನಲ್ಲಿ ಇರುವುದು ‘ನಡತೆ ತೃಪ್ತಿಕರವಾಗಿದೆ, ಯಾವುದೇ ಜೈಲು ಅಪರಾಧ ಎಸಗಿರುವುದಿಲ್ಲ’ ಎಂಬಷ್ಟೇ ಒಕ್ಕಣೆ. ಏನೂ ಮಾಡಲಿಲ್ಲ ಎನ್ನುವುದೇ ಇಲ್ಲಿ ಗುಣ. ರಾತ್ರಿ ಎದೆನೋವು ಬಂದ ಪಕ್ಕದವನನ್ನು ಹೊತ್ತುಕೊಂಡು ಓಡಿದನೇ, ತನ್ನ ಕೈಯಲ್ಲಿ ಸತ್ತವನ ಹೆಂಡತಿಗೆ ಒಂದು ಕಾಗದ ಬರೆಯಬೇಕೆಂದು ಎಂದಾದರೂ ಅಂದನೇ, ಸಿಟ್ಟು ಬಂದಾಗ ಈಗ ಏನು ಮಾಡುತ್ತಾನೆ, ಇದಕ್ಕೆಲ್ಲ ಕಾಲಂ ಇಲ್ಲ. ಇವೆಲ್ಲ ಗೊತ್ತಿರುವುದು ಬ್ಯಾರಕ್ಕಿನ ಬಾಗಿಲಲ್ಲಿ ವರ್ಷಾನುಗಟ್ಟಲೆ ನಿಂತ ವಾರ್ಡರಿಗೆ. ಅವರನ್ನು ಯಾರೂ ಕೇಳುವುದಿಲ್ಲ. ಕಂತ್ರಿ ಬುದ್ಧಿಯವನು ಸುಮ್ಮನಿದ್ದು ಅಂಕ ಗಳಿಸುತ್ತಾನೆ. ನಿಷ್ಠುರವಾಗಿ ಮಾತಾಡುವವನು, ಊಟ ಸರಿಯಿಲ್ಲ ಎಂದು ದೂರು ಕೊಟ್ಟವನು ಕಳೆದುಕೊಳ್ಳುತ್ತಾನೆ. ಈ ಮಾತನ್ನು ಜೈಲು ಇಲಾಖೆಯಲ್ಲೇ ದುಡಿದು ನಿವೃತ್ತರಾದವರ ಬಾಯಲ್ಲೂ ಕೇಳಿದ್ದೇನೆ.

ಇದೇ ಅನುಮಾನ ದೊಡ್ಡ ನ್ಯಾಯಾಲಯಕ್ಕೂ ಬಂತು, ಅದೂ ನಮ್ಮೂರಿನದೇ ಪ್ರಕರಣದಲ್ಲಿ. 1991ರಲ್ಲಿ ರಿಚ್ಮಂಡ್ ರಸ್ತೆಯ ಮನೆಯೊಂದರಲ್ಲಿ ಹೆಂಡತಿಯನ್ನು ಕೊಂದು ಅಂಗಳದಲ್ಲೇ ಹೂತ ಸ್ವಾಮಿ ಶ್ರದ್ಧಾನಂದನ ಪ್ರಕರಣ, ಬೆಂಗಳೂರಿನ ಹಳಬರಿಗೆ ನೆನಪಿರುತ್ತದೆ. ಇಲ್ಲಿಯ ಸೆಷನ್ಸ್ ನ್ಯಾಯಾಲಯ ಗಲ್ಲು ವಿಧಿಸಿತು, ಹೈಕೋರ್ಟು ಖಾಯಂ ಮಾಡಿತು. 2008ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಗಲ್ಲು ತಪ್ಪಿಸಿ, ಸಾಯುವ ತನಕ ಬಿಡುಗಡೆಯೇ ಇಲ್ಲದ ಜೀವಾವಧಿ ಕೊಟ್ಟಿತು. ಆ ತೀರ್ಪಿನಲ್ಲಿ ಕರ್ನಾಟಕದ ಮಾಫಿ ನಿಯಮಗಳನ್ನೇ ತೆಗೆದು ಓದಿದ್ದಾರೆ. ಜೀವಾವಧಿ ಕೈದಿಗಳಿಗೆ ಮಾಫಿ ಕೊಡುವ ಕ್ರಮ ತೀರಾ ಯಾಂತ್ರಿಕವಾಗಿದೆ, ಮನಶ್ಶಾಸ್ತ್ರದ ದೃಷ್ಟಿಯಿಂದಾಗಲೀ ಸಮಾಜದ ದೃಷ್ಟಿಯಿಂದಾಗಲೀ ಯಾರೂ ಆ ಮನುಷ್ಯನನ್ನು ಪರಿಶೀಲಿಸುವುದಿಲ್ಲ ಎಂಬುದು ನ್ಯಾಯಾಲಯದ ಆಕ್ಷೇಪ. 2015ರಲ್ಲಿ ಸಂವಿಧಾನ ಪೀಠ ಈ ಬಗೆಯ ಶಿಕ್ಷೆಗೆ ಮುದ್ರೆ ಒತ್ತಿತು. ಅಲ್ಲಿಂದೀಚೆಗೆ ‘20 ವರ್ಷ ಮಾಫಿ ಇಲ್ಲ’, ‘30 ವರ್ಷ ಮಾಫಿ ಇಲ್ಲ’ ಎಂಬ ತೀರ್ಪುಗಳು ಬರುತ್ತಲೇ ಇವೆ. ಜೈಲಿನ ರಿಜಿಸ್ಟರನ್ನು ನಂಬಲಾಗದು ಅಂದಾಗ ಅದನ್ನು ನಂಬುವಂತೆ ಮಾಡಬೇಕಿತ್ತು. ನಾವು ಅದನ್ನು ಹಾಗೇ ಬಿಟ್ಟು, ಕೆಲವರ ಮಟ್ಟಿಗೆ ಅದನ್ನು ತೆರೆಯಲೇಬಾರದು ಎಂದುಬಿಟ್ಟೆವು. ಆ ಕೆಲವರು ಒಳಗೆ ಹೇಗಿದ್ದರೂ ಈಗ ಒಂದೇ.

ನಂಬುವುದು ಕಷ್ಟ ಎನ್ನುವವರ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. 2017ರಲ್ಲಿ ಕಾರಾಗೃಹ ಡಿಐಜಿಯಾಗಿದ್ದ ಡಿ. ರೂಪಾ ಅವರು ಪರಪ್ಪನ ಅಗ್ರಹಾರದಲ್ಲಿ ಕೆಲವರಿಗೆ ವಿಶೇಷ ಸವಲತ್ತು ಸಿಗುತ್ತಿದೆ ಎಂದು ವರದಿ ಕೊಟ್ಟದ್ದು ನೆನಪಿದೆ. 2024ರ ಆಗಸ್ಟಿನಲ್ಲಿ ಅದೇ ಜೈಲಿನ ಹುಲ್ಲುಹಾಸಿನ ಮೇಲೆ ಕುರ್ಚಿ ಹಾಕಿಕೊಂಡು ಸಿಗರೇಟು ಹಿಡಿದು ಕುಳಿತವರ ಫೋಟೊ ಇಡೀ ರಾಜ್ಯ ನೋಡಿತು. ನಡತೆ ಬರೆಯುವ ಪೆನ್ನು ಇರುವುದೂ ಅದೇ ಗೋಡೆಗಳೊಳಗೆ. ಇನ್ನು ಬಿಲ್ಕಿಸ್ ಬಾನು ಪ್ರಕರಣ, 2002ರ ಗುಜರಾತ್ ಗಲಭೆಯ ಸಾಮೂಹಿಕ ಅತ್ಯಾಚಾರ ಮತ್ತು ಕೊಲೆಗಳದ್ದು. 2022ರ ಆಗಸ್ಟ್ 15ರಂದು 11 ಮಂದಿಯನ್ನು ಗುಜರಾತ್ ಸರ್ಕಾರ ಬಿಟ್ಟಾಗ ಅದಕ್ಕೂ ಹೇಳಿದ್ದ ಕಾರಣಗಳಲ್ಲಿ ಸನ್ನಡತೆ ಒಂದು. ವಿಚಾರಣೆ ನಡೆದದ್ದು ಮಹಾರಾಷ್ಟ್ರದಲ್ಲಿ, ಬಿಡುವ ಅಧಿಕಾರ ಗುಜರಾತಿಗಿಲ್ಲ ಎಂದು 2024ರ ಜನವರಿ 8ರಂದು ಸುಪ್ರೀಂ ಕೋರ್ಟ್ ಅವರನ್ನು ವಾಪಸ್ ಕಳಿಸಿತು. ಹಾರ ಹಾಕಿ ಬರಮಾಡಿಕೊಂಡ ಆ ಚಿತ್ರ ನೋಡಿದ ಮೇಲೆ ಜನ ಈ ಇಡೀ ಪದ್ಧತಿಯನ್ನೇ ಉಗಿದರೆ ನಾನು ಏನೆಂದು ವಾದಿಸಲಿ?

ಆದರೂ ವಾದಿಸುತ್ತೇನೆ. ದೇವನಹಳ್ಳಿ ತಾಲ್ಲೂಕಿನಲ್ಲಿ ಕೋರಮಂಗಲ ಎಂಬ ಊರಿದೆ. ನಮ್ಮ ಪಬ್ಬುಗಳ ಕೋರಮಂಗಲ ಅಲ್ಲ, ಬೇರೆ. ಅಲ್ಲಿ ಬಯಲು ಬಂದೀಖಾನೆ ಇದೆ. ಸನ್ನಡತೆಯ ಸಜಾ ಬಂಧಿಗಳನ್ನು ಆರಿಸಿ ಅಲ್ಲಿಗೆ ಕಳಿಸುತ್ತಾರೆ, ಅವರು ಹೊಲ ಗೇಯುತ್ತಾರೆ. ಸೆಂಟ್ರಲ್ ಜೈಲಿನಂಥ ಎತ್ತರದ ಗೋಡೆಯಿಲ್ಲ, ಓಡಿಹೋಗಬೇಕೆಂದರೆ ಓಡಿಹೋಗಬಹುದು. ಓಡದೆ ಉಳಿಯುವುದು ಅವರ ಆಯ್ಕೆ. ಮೈಸೂರಿನ ರಂಗಕರ್ಮಿ ಹುಲುಗಪ್ಪ ಕಟ್ಟೀಮನಿ ಜೀವಾವಧಿ ಕೈದಿಗಳಿಗೆ ನಾಟಕ ಕಲಿಸಿ ಊರೂರಿನ ರಂಗಮಂದಿರಗಳಿಗೆ ಕರೆದುಕೊಂಡು ಹೋಗಿ ಆಡಿಸಿದರು. ಪಾತ್ರ ಮುಗಿಸಿ, ಬಣ್ಣ ಒರೆಸಿಕೊಂಡು, ವ್ಯಾನು ಹತ್ತಿ ಮತ್ತೆ ಜೈಲಿಗೇ ಹೋದರು. ನಡತೆಯನ್ನು ಅಳೆಯುವುದಿದ್ದರೆ ಇಂಥ ಕಡೆ ಅಳೆಯಬೇಕು, ಕೈಗೆ ಒಂದಿಷ್ಟು ಸ್ವಾತಂತ್ರ್ಯ ಕೊಟ್ಟು. ಬೀಗ ಹಾಕಿದ ಬ್ಯಾರಕ್ಕಿನಲ್ಲಿ ತೋರಿಸುವ ಸಾಧುತನಕ್ಕೆ ಏನು ಬೆಲೆ ಕಟ್ಟುತ್ತೀರಿ? ಬಯಲು ಬಂದೀಖಾನೆಯಲ್ಲಿ ಜಾಗ ಬೆರಳೆಣಿಕೆಯವರಿಗೆ, ಅಗ್ರಹಾರದಲ್ಲಿ ಸಾವಿರಾರು ಮಂದಿ. ನನ್ನ ತಕರಾರು ಇಷ್ಟೇ.

ಸತ್ತವರ ಮನೆಯವರ ಬಗ್ಗೆ ಈ ಬರಹದಲ್ಲಿ ಏನೂ ಹೇಳಲಿಲ್ಲ ಎಂದು ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ. ಅವರ ಒಂದು ಮಾತನ್ನೂ ದಾಖಲಿಸದೆ ಮುಗಿದ ಕಡತಗಳನ್ನು ನೋಡಿದ್ದೇನೆ. ಕೆಲವರು ಬಿಡಲೇಬಾರದು ಅನ್ನುತ್ತಾರೆ. ಮಾಗಡಿಯ ಆ ಪ್ರಕರಣದಲ್ಲಿ ಸತ್ತವನ ಅಣ್ಣ, “ಬರ್ಲಿ ಬಿಡಿ ಸಾರ್, ಬದು ಈಗ್ಲೂ ಅಲ್ಲೇ ಐತೆ” ಅಂದ. ಅದು ಕ್ಷಮೆಯೋ ಎಚ್ಚರಿಕೆಯೋ ನನಗೆ ಇಂದಿಗೂ ಬಗೆಹರಿದಿಲ್ಲ.

ಒಳಗೆ ಯಾರಾದರೂ ಇರುವವರು ಇದನ್ನು ಓದುತ್ತಿದ್ದರೆ ಕೆಲಸಕ್ಕೆ ಬರುವ ಒಂದೆರಡು ಮಾತು. 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿರುವ ಪ್ರಕಾರ, ಮಾಫಿ ನೀತಿ ಇರುವ ರಾಜ್ಯಗಳು ಅರ್ಹರಾದವರ ಪ್ರಕರಣವನ್ನು ಅರ್ಜಿ ಬರಲಿ ಬಿಡಲಿ ತಾವಾಗಿಯೇ ಪರಿಗಣಿಸಬೇಕು, ಬೇಡವೆಂದರೆ ಕಾರಣ ಬರೆದು ಬಂಧಿಗೆ ತಿಳಿಸಬೇಕು. ಹಾಗಾಗಿ ‘ಕಡತ ಮುಂದೆ ಹೋಗಬೇಕಾದರೆ ಇಷ್ಟು ಖರ್ಚಾಗುತ್ತೆ’ ಎಂದು ಗೇಟಿನ ಬಳಿ ಯಾರಾದರೂ ಹೇಳಿದರೆ ಕೊಡಬೇಡಿ. ತಿರಸ್ಕಾರವಾದರೆ ಆ ಆದೇಶದ ಪ್ರತಿ ಕೇಳಿ ಇಸಿದುಕೊಳ್ಳಿ, ಕಾರಣ ಬರೆಯದ ಆದೇಶ ಹೈಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಪೆರೋಲ್ ಮೇಲೆ ಬಂದು ಹೋದ ದಿನಾಂಕಗಳ ಕಾಗದಗಳನ್ನು ಜೋಪಾನ ಮಾಡಿ, ಮುಂದೆ ಜಗಳ ಬೀಳುವುದು ಆ ದಿನಗಳ ಮೇಲೆಯೇ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ 15100ಕ್ಕೆ ಫೋನು ಮಾಡಿ, ಬಂಧನದಲ್ಲಿರುವ ಯಾರಿಗೇ ಆದರೂ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಪುಕ್ಕಟೆ ಸಿಗುತ್ತಾರೆ, ಅವರ ಆದಾಯ ಎಷ್ಟು ಎಂದು ಯಾರೂ ಕೇಳುವಂತಿಲ್ಲ.